ಮದುವೆ ಪಾಠ ಹೇಳುತ್ತಿದ್ದ ಜೋಡಿ

ಬೇರೆಯವರಿಗೆ ಸಂಸಾರ ಮಾಡುವುದನ್ನು ಕಲಿಸಲು ಹೊರಟವರ ಮನೆಯಲ್ಲಿ ನಗೆಪಾಟಲಿಗೆ ಎಂದೂ ಕೊರತೆಯಾಗುವುದಿಲ್ಲ. ಬೇಕಾದರೆ ನಮ್ಮಿಬ್ಬರನ್ನೇ ನೋಡಿ. ಒಂದು ಫಜೀತಿ ಮುಗಿಯಿತು, ಇನ್ನಾದರೂ ಮರ್ಯಾದೆಯಿಂದ ಇರೋಣ ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲ ಮುಂದೆ ಚಪ್ಪಲಿ ಬಿಡುತ್ತಿರುತ್ತಿತ್ತು.

ನಾನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವ. ನನ್ನ ಹೆಂಡತಿ ರಾಣೆಬೆನ್ನೂರಿನಲ್ಲೇ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದಳು. ನಾವು ಕಥೋಲಿಕರು. ಈ ಕಡೆ ನಮ್ಮವರು ಕಡಿಮೆ. ಹಾವೇರಿಯಲ್ಲಿ ಒಂದಿಷ್ಟು ಮನೆ, ಬ್ಯಾಡಗಿಯಲ್ಲಿ ಒಂದಿಷ್ಟು, ನಮ್ಮೂರಿನಲ್ಲಿ ಒಂದಿಷ್ಟು. ಹೀಗಾಗಿ ಎಲ್ಲರಿಗೂ ಎಲ್ಲರೂ ಗೊತ್ತು, ಎಲ್ಲರ ಮನೆಯ ಜಗಳವೂ ಗೊತ್ತು.

ನಮ್ಮಲ್ಲಿ ಮದುವೆಯಾಗುವ ಹುಡುಗ ಹುಡುಗಿ ಮೊದಲು ಚರ್ಚಿನ ತರಗತಿಗೆ ಕೂರಬೇಕು. ಆಮೇಲೆ ಅರ್ಜಿ ತುಂಬಿ, ಕೇಳಿದ ಪ್ರಶ್ನೆಗಳಿಗೆ ಬೈಬಲ್ ಮುಟ್ಟಿ ಉತ್ತರ ಕೊಡಬೇಕು. ಇಷ್ಟಾಗದೆ ಮದುವೆ ಇಲ್ಲ. ಪಾಠ ಹೇಳಲು ಒಂದು ಗಂಡಹೆಂಡಿರ ಜೋಡಿ ಬೇಕು, ಯಾಕೆಂದರೆ ಫಾದರ್ ಮದುವೆಯಾದವರಲ್ಲ, ಸಂಸಾರದ ಬಗ್ಗೆ ಅವರೇನು ಹೇಳಿದರೂ ಹುಡುಗರು ಒಳಗೊಳಗೇ ನಗುತ್ತಾರೆ. ಆಗಿದ್ದ ಹಿರಿಯ ಫಾದರ್ ನಮ್ಮನ್ನು ಆರಿಸಿದರು. ಯಾಕೆ ನಾವೇ ಎಂದು ಕೇಳಿದೆ.

"ಟೀಚರಿಗೆ ಮಾತು ಚಲೋ ಬರ್ತಾವ," ಅಂದರು.

"ಮತ್ತ ನಾನು?"

"ನೀವು ಎತ್ತರ ಅದೀರಿ. ಚಾರ್ಟ್ ತೂಗು ಹಾಕಾಕ ಒಬ್ರು ಬೇಕಲ್ರಿ."

ನಮಗೆ ಮಕ್ಕಳಾಗಲಿಲ್ಲ. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬ ಪಾಠವೂ ಆ ಪಟ್ಟಿಯಲ್ಲಿತ್ತು, ಅದನ್ನೂ ಅವಳೇ ಹೇಳುತ್ತಿದ್ದಳು. ಹೇಳಿ ಬಂದ ದಿನ ಮನೆಯಲ್ಲಿ ಅವಳ ಮಾತು ಕಡಿಮೆ ಇರುತ್ತಿತ್ತು. ಆ ಒಂದು ಪಾಠವನ್ನು ಬೇರೆಯವರಿಗೆ ಕೊಡಿ ಎಂದು ನಾನು ಫಾದರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಚಾರ್ಟ್ ತೂಗು ಹಾಕಿ ಕೆಳಗಿಳಿದೆ, ಅಷ್ಟೇ.

ಹಾವೇರಿಯ ತರಗತಿ

ಒಂದು ಭಾನುವಾರ ಹಾವೇರಿಯಲ್ಲಿ ತರಗತಿ. ಬಸ್ಸು ಮೋಟೆಬೆನ್ನೂರು ದಾಟುವಾಗ ಅವಳು ನನ್ನ ಕೈ ನೋಡಿದಳು.

"ಚಾರ್ಟ್ ಎಲ್ಲಿ?"

ಚಾರ್ಟ್ ಮನೆಯಲ್ಲಿ ನೀರಿನ ಡ್ರಮ್ಮಿನ ಮೇಲಿತ್ತು. ಹಿಂದಿನ ದಿನವೆಲ್ಲ ಕೂತು ಅವಳು ಬಣ್ಣದ ಪೆನ್ನಿನಲ್ಲಿ ಬರೆದಿದ್ದ ಚಾರ್ಟ್. ಅದರ ಮೇಲೆ ದಪ್ಪ ಅಕ್ಷರದಲ್ಲಿ ಇದ್ದ ಪದ 'ತಾಳ್ಮೆ'.

"ಕಂಬ ಹತ್ತೂ ಮುಂದ ಇಕ್ಕಳ ಮರತು ಹೋಗ್ತಿದ್ರೇನು?" ಅಂದಳು.

"ಇಕ್ಕಳ ಇಷ್ಟು ಮಾತಾಡೂದಿಲ್ಲ," ಅಂದೆ.

ಮುಗಿಯಿತು. ಅಲ್ಲಿಂದ ಹಾವೇರಿಯ ತನಕ ಅವಳು ಕಿಟಕಿ ನೋಡಿದಳು, ನಾನು ಕಂಡಕ್ಟರನ ಬೆನ್ನು ನೋಡಿದೆ. ಆ ದಿನದ ಪಾಠ ಬೇರೆ ಯಾವುದೂ ಅಲ್ಲ, ಗಂಡ ಹೆಂಡತಿ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳುವುದು ಹೇಗೆ ಎಂಬುದು. ಮುಂದಿನ ಸಾಲಿನಲ್ಲಿ ಬ್ಯಾಡಗಿಯ ಹುಡುಗಿಯೊಬ್ಬಳು ಕೂತಿದ್ದಳು. ಹೆಂಡತಿ ಅವಳಿಗೆ ಹೇಳಿದಳು, "ಅವರಿಗೆ ಹೇಳವ್ವಾ, ಫ್ಯಾನ್ ಹಚ್ಚಂತ." ನಾನು ಅದೇ ಹುಡುಗಿಗೆ ಹೇಳಿದೆ, "ಅವರಿಗೆ ಹೇಳವ್ವಾ, ಕರೆಂಟ್ ಇಲ್ಲ ಅಂತ." "ಲೈನ್‌ಮನ್ ಇದ್ದೂ ಕರೆಂಟ್ ಇಲ್ಲೇನು ಅಂತ ಕೇಳವ್ವಾ." "ನಿವೃತ್ತ ಆಗೇನಿ ಅಂತ ಹೇಳವ್ವಾ." ಆ ಹುಡುಗಿ ಒಂದು ತಾಸು ಆ ಕಡೆ ಈ ಕಡೆ ಕತ್ತು ತಿರುಗಿಸಿದಳು. ನಡುನಡುವೆ ನನ್ನ ಹೆಂಡತಿ, ಹೊತ್ತು ಮುಳುಗುವುದರೊಳಗೆ ಸಿಟ್ಟು ಬಿಡಬೇಕು ಎಂದು ಅಷ್ಟು ಚೆನ್ನಾಗಿ ಪಾಠ ಹೇಳಿದಳೆಂದರೆ ನನಗೇ ಕಣ್ಣು ತುಂಬಿ ಬಂತು.

ಕೊನೆಗೆ ಫಾದರ್ ಬಂದು ಎಲ್ಲರ ಅಭಿಪ್ರಾಯ ಕೇಳಿದರು. ಆ ಹುಡುಗಿ ಎದ್ದು ನಿಂತಳು. "ಹಿಂದಕಿನ ದಿನ ಪುಸ್ತಕದಾಗಿಂದು ಹೇಳಿದ್ರಿ, ಏನೂ ತಿಳಿದಿದ್ದಿಲ್ಲ. ಇವತ್ತು ಮದುವಿ ಅಂದ್ರ ಏನಂತ ಪೂರಾ ತಿಳೀತ್ರಿ," ಅಂದಳು.

ಕುಪ್ಪೇಲೂರಿನ ಸಾಕ್ಷಿಗಳು

ನಮ್ಮೂರಿನ ನಮ್ಮ ಹುಡುಗಿಯೊಬ್ಬಳು ಕುಪ್ಪೇಲೂರಿನ ಹಿಂದೂ ಹುಡುಗನನ್ನು ಮೆಚ್ಚಿದಳು. ಬೀಜದ ಅಂಗಡಿಯಲ್ಲಿ ಕೆಲಸ, ಮಾತು ಕಡಿಮೆ, ಗುಣವಂತ. ಇಂಥ ಮದುವೆಗೂ ನಮ್ಮಲ್ಲಿ ದಾರಿ ಇದೆ, ಮೇಲಿನವರ ಅನುಮತಿ ಬೇಕು. ಹುಡುಗನಿಗೆ ಈ ಮೊದಲು ಮದುವೆಯಾಗಿಲ್ಲ ಎಂದು ಅವನನ್ನು ಬಲ್ಲ ಇಬ್ಬರು ಬಂದು ಹೇಳಬೇಕು. ಅರ್ಜಿಯ ಪ್ರಶ್ನೆ ಕೇಳುವ ಕೆಲಸವನ್ನು ಫಾದರ್ ನನ್ನ ಹೆಂಡತಿಗೇ ಬಿಟ್ಟಿದ್ದರು. ಅವಳ ಕನ್ನಡಕದ ಮೇಲಿನ ನೋಟಕ್ಕೆ ಸುಳ್ಳು ಹೇಳುವ ಧೈರ್ಯ ಯಾವ ಗಂಡಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ.

"ಭಾನುವಾರ ಇಬ್ಬರು ಸಾಕ್ಷಿ ಕರಕೊಂಡು ಬಾರಪ್ಪಾ," ಎಂದು ಹುಡುಗನಿಗೆ ಹೇಳಿದಳು.

ಹುಡುಗ ಊರಿಗೆ ಹೋಗಿ ಏನು ಹೇಳಿದನೋ, ಊರಿನವರು ಏನು ತಿಳಿದರೋ. ಹೆಣ್ಣಿನ ಕಡೆಯವರು ನಮ್ಮ ಹುಡುಗನ ಮೇಲೆ ಸಂಶಯ ಪಟ್ಟಿದ್ದಾರೆ ಎಂದು ಊರಿಗೇ ಅವಮಾನವಾಯಿತು. ಭಾನುವಾರ ಬಲಿಪೂಜೆ, ಅಂದರೆ ನಮ್ಮ ವಾರದ ಆರಾಧನೆ, ಮುಗಿದು ನಾವು ಹೊರಗೆ ಬಂದರೆ, ಚರ್ಚಿನ ಅಂಗಳದಲ್ಲಿ ಟ್ರ್ಯಾಕ್ಟರ್. ಟ್ರೇಲರಿನ ತುಂಬ ಸಾಕ್ಷಿಗಳು. ಪಟಗ ಸುತ್ತಿದ ಹಿರಿಯರು, ಸೆರಗು ಹೊದ್ದ ಹೆಂಗಸರು, ಎಲ್ಲರಿಗಿಂತ ಮುಂದೆ ಹುಡುಗನ ಅಜ್ಜಿ.

"ಇಬ್ಬರು ಸಾಕಿತ್ತಲ್ರಿ," ಅಂದಳು ನನ್ನ ಹೆಂಡತಿ.

"ಇಬ್ಬರು ಸುಳ್ಳು ಹೇಳಬಹುದು ತಂಗೀ. ಇಡೀ ಊರು ಹೇಳತೈತೇನು?" ಅಂದಳು ಅಜ್ಜಿ.

ಅಜ್ಜಿಯನ್ನೇ ಮೇಜಿನ ಮುಂದೆ ಕೂರಿಸಿದರು. ಅರ್ಜಿಯಲ್ಲಿ ಇದ್ದಂತೆ ನನ್ನ ಹೆಂಡತಿ ಕೇಳಿದಳು, "ಇವರ ಲಗ್ನ ಮದಲ ಆಗಿಲ್ಲ ಅಂತ ನಿಮಗ ಹೆಂಗ ಗೊತ್ತು?"

"ಹೆಂಗ ಗೊತ್ತಂದ್ರ? ಮೂರು ಕಡೆ ಹೆಣ್ಣು ಕೇಳಾಕ ನಾನ ಹೋಗೇನಿ. ಐರಣಿಯವರು ಹುಡುಗ ಕರ್ರಗ ಅದಾನ ಅಂದ್ರು. ಮೇಡ್ಲೇರಿಯವರು ಹುಡುಗ ಮಾತಾಡೂದಿಲ್ಲ, ಮೂಕ ಅದಾನೇನು ಅಂದ್ರು. ಮೂರನೇದವರು ಅವಲಕ್ಕಿ ತಿನಿಸಿ, ಚಾ ಕುಡಿಸಿ, ಕಾರಣನೂ ಹೇಳಲಿಲ್ಲ. ಇಷ್ಟಾದ ಮ್ಯಾಲೆ ಇವಗ ಯಾರು ಹೆಣ್ಣು ಕೊಡ್ತಾರ? ಲಗ್ನ ಎಲ್ಲಿಂದ ಆಗ್ತೈತಿ?"

ಹುಡುಗ ನೆಲ ನೋಡಿದ. ಹುಡುಗಿ ಬಾಯಿಗೆ ದುಪಟ್ಟಾ ತುರುಕಿಕೊಂಡಳು. ನಿಯಮದಂತೆ ನನ್ನ ಹೆಂಡತಿ ಹುಡುಗಿಯೊಬ್ಬಳನ್ನೇ ಒಳಗೆ ಕರೆದು ಕೇಳಿದಳು, "ಇಷ್ಟೆಲ್ಲಾ ಕೇಳಿದ ಮ್ಯಾಲೂ ಮನಸೈತೇನವ್ವಾ?"

"ಆ ಮೂರೂ ಮಂದಿ ಬ್ಯಾಡ ಅಂದಿದ್ದಕ್ಕ ನನಗ ಸಿಕ್ಕಾನ್ರಿ ಟೀಚರ್," ಅಂದಳು ಹುಡುಗಿ.

ಅವತ್ತು ಮನೆಗೆ ಬಂದು ನನ್ನ ಹೆಂಡತಿ ಆ ಮಾತನ್ನು ನನಗೆ ಎರಡು ಸಲ ಹೇಳಿದಳು. ಎರಡೂ ಸಲ ಕಣ್ಣೊರೆಸಿಕೊಂಡಳು. ಇಂಥ ಮದುವೆ ನಡೆಯಬೇಕು, ಇದಕ್ಕಾಗಿಯೇ ನಾವು ಇಷ್ಟು ಬಸ್ಸು ಹತ್ತಿ ಇಳಿದಿದ್ದು ಅಂದಳು. ಆದರೆ ಅಂಗಳದಲ್ಲಿ ಕೊನೆಯ ಮಾತು ಅಜ್ಜಿಯದೇ. ಟ್ರೇಲರ್ ಹತ್ತಿ ಕೂತು, ಕವಳ ಬಾಯಿಗೆ ಹಾಕಿಕೊಂಡು, ಫಾದರಿಗೆ ಕೂಗಿ ಹೇಳಿದಳು, "ಇನ್ನೂ ಸಂಶಯ ಇದ್ರ ಹೇಳ್ರಿ ಸ್ವಾಮ್ಯಾರ, ಮುಂದಿನ ವಾರ ಆ ಮೂರೂ ಮನಿಯವರನ್ನ ಕರಕೊಂಡು ಬರ್ತೇನಿ."

ಬ್ಯಾಡಗಿಯ ಕಣ್ಣೀರು

ಹಿರಿಯ ಫಾದರ್ ವರ್ಗವಾಗಿ ಹೋದರು. ಕರಾವಳಿಯ ಕಡೆಯಿಂದ ಒಬ್ಬ ಎಳೆಯ ಫಾದರ್ ಬಂದರು. ಮೊದಲ ಸಲ ಬ್ಯಾಡಗಿಗೆ ಬಲಿಪೂಜೆಗೆ ಹೋದಾಗ ಮೆಣಸಿನಕಾಯಿಯ ಸುಗ್ಗಿ. ನಾವಿಬ್ಬರೂ ಜೊತೆಗೆ ಹೋಗಿದ್ದೆವು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಗೋದಾಮಿನಲ್ಲಿ ಚೀಲ ಝಾಡಿಸುವಾಗ ಅವರು ಪಕ್ಕದಲ್ಲಿ ನಿಂತವರಲ್ಲ.

ಪ್ರಾರ್ಥನಾ ಮಂದಿರದ ಗೋಡೆಗೆ ಹತ್ತಿಕೊಂಡೇ ಗೋದಾಮು. ಫಾದರ್ ದೇವರ ಕ್ಷಮೆಯ ಬಗ್ಗೆ ಪ್ರಸಂಗ, ಅಂದರೆ ಪ್ರವಚನ, ಶುರು ಮಾಡಿದರು, ಆ ಕಡೆ ಹಮಾಲರು ಚೀಲ ಝಾಡಿಸಲು ಶುರು ಮಾಡಿದರು. ಮೊದಲು ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಗಂಡಸರು. ಮಕ್ಕಳು ಬಿಕ್ಕಿದರು. ಅದನ್ನು ನೋಡಿ ಫಾದರಿಗೆ ಇನ್ನೂ ಹುರುಪು ಬಂತು. ಹತ್ತು ನಿಮಿಷದ ಪ್ರಸಂಗ ಮುಕ್ಕಾಲು ತಾಸು ಹೋಯಿತು. ಅವರು ಕ್ಷಮೆ ಎಂದಾಗಲೆಲ್ಲ ಜನ ಇನ್ನೂ ಜೋರಾಗಿ ಮೂಗು ಒರೆಸಿದರು. ಕೊನೆಗೆ ಅವರು, ಇಷ್ಟು ಭಕ್ತಿಯನ್ನು ನಮ್ಮ ಕರಾವಳಿಯಲ್ಲೂ ಕಂಡಿಲ್ಲ ಎಂದು ತಾವೇ ಅತ್ತುಬಿಟ್ಟರು.

ಪೂಜೆ ಮುಗಿದ ಮೇಲೆ ಅಲ್ಲಿಯ ಹಿರಿಯರೊಬ್ಬರು ಅವರ ಕೈ ಹಿಡಿದುಕೊಂಡು ಹೇಳಿದರು, "ಪ್ರಸಂಗ ಬಾಳ ಚಲೋ ಇತ್ರಿ ಫಾದರ್. ಮುಂದಿನ ಸಲ ಆ ಕಡೆ ಕಿಟಕಿ ಹಾಕ್ಕೊಂಡು ಹೇಳ್ರಿ, ಹತ್ತು ನಿಮಿಷಕ್ಕ ಮುಗೀತೈತಿ."

ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನು ನೆನೆಸಿಕೊಂಡು ನಾನು ಒಬ್ಬನೇ ನಗುತ್ತಿದ್ದೆ. ಊರು ದಾಟಿ ಬಹಳ ದೂರ ಬಂದರೂ ನನ್ನ ಹೆಂಡತಿ ಕಣ್ಣೊರೆಸುತ್ತಲೇ ಇದ್ದಳು.

"ಇನ್ನೂ ಘಾಟು ಹೋಗಿಲ್ಲೇನು?" ಅಂದೆ.

"ಹೂಂ," ಅಂದಳು.

ಅದು ಘಾಟು ಆಗಿರಲಿಲ್ಲ. ಪೂಜೆಯ ನಡುವೆ, ಎಷ್ಟೋ ವರ್ಷ ಚರ್ಚಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ಪರಲೋಕ ಪ್ರಾರ್ಥನೆ ಅವಳಿಗೆ ಅರ್ಧದಲ್ಲೇ ಮರೆತುಹೋಗಿತ್ತು. ಮುಂದಿನ ಮಾತು ಯಾವುದು ಎಂದು ತಿಳಿಯದೆ ಸುಮ್ಮನೆ ತುಟಿ ಅಲ್ಲಾಡಿಸಿದ್ದಳು. ಇದನ್ನು ಅವಳು ನನಗೆ ಹೇಳಲಿಲ್ಲ, ಪಕ್ಕದ ಮನೆಯ ಅಕ್ಕನಿಗೆ ಹೇಳಿದ್ದಳು ಎಂದು ನನಗೆ ಬಹಳ ದಿನದ ಮೇಲೆ ತಿಳಿಯಿತು. ಗಂಡ ಹೆಂಡತಿ ಮುಚ್ಚುಮರೆಯಿಲ್ಲದೆ ಮಾತಾಡಬೇಕು ಎಂದು ಊರಿಗೆಲ್ಲ ಪಾಠ ಹೇಳಿದ ಜೋಡಿ ನಮ್ಮದು. ಪಕ್ಕದಲ್ಲಿ ಕೂತ ಹೆಂಡತಿ ಅಳುತ್ತಿದ್ದರೆ ನಾನು ಮೆಣಸಿನಕಾಯಿ ಎಂದುಕೊಂಡು ನಗುತ್ತಾ ಬಂದೆ. ಈ ಕತೆಯನ್ನು ಈಗಲೂ ನಾಲ್ಕು ಜನರ ಮುಂದೆ ಹೇಳಿ ನಗಿಸುತ್ತೇನೆ, ಆದರೆ ಬಸ್ಸಿನ ಭಾಗವನ್ನು ಹೇಳುವುದಿಲ್ಲ.

ಪಾಪನಿವೇದನೆಯ ಸಾಲು

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ನಾವೆಲ್ಲ ಫಾದರ್ ಬಳಿ ಪಾಪನಿವೇದನೆ ಮಾಡುತ್ತೇವೆ. ಒಬ್ಬೊಬ್ಬರೇ ಒಳಗೆ ಹೋಗಿ, ತಪ್ಪುಗಳನ್ನು ಹೇಳಿಕೊಂಡು ಬರಬೇಕು. ಅಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಕತ್ತು ಕೊಯ್ದರೂ ಹೇಳುವಂತಿಲ್ಲ.

ಆ ವರ್ಷ ನನ್ನ ಹೆಂಡತಿ ಮೊದಲೇ ಹೋಗಿ ಬಂದು ಮೊಣಕಾಲೂರಿ ಪ್ರಾರ್ಥನೆ ಮಾಡಿದಳು. ಎದ್ದವಳು ನೇರ ಸಾಲಿನ ಕೊನೆಗೆ ಹೋಗಿ ನಿಂತಳು. ಮತ್ತೆ ಒಳಗೆ ಹೋಗಿ ಬಂದಳು. ಮತ್ತೆ ಸಾಲಿಗೆ ನಿಂತಳು. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಮೂರು ಸಲ ಹೇಳೂವಷ್ಟು ಪಾಪ ಯಾವಾಗ ಮಾಡೀದಿ? ನಾ ಜೊತಿಗೇ ಇದ್ದೆನಲ್ಲ?"

ಅವಳ ಹಿಂದಿದ್ದ ಹೆಂಗಸು, "ಟೀಚರ್, ನಮ್ಮ ಪಾಪಕ್ಕೂ ಒಂದೀಟು ಟೈಮ್ ಬಿಡ್ರಿ," ಅಂದಳು. ಸಾಲೆಲ್ಲ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು, ಆದರೆ ಯಾಕೆ ನಗುತ್ತಿದ್ದಾರೆ ಎಂದು ನನ್ನ ಮುಖ ನೋಡಿದಳು.

ಆ ಭಾನುವಾರ ಫಾದರ್ ನನ್ನನ್ನು ಪಕ್ಕಕ್ಕೆ ಕರೆದರು. "ಟೀಚರನ್ನ ಒಮ್ಮೆ ಡಾಕ್ಟರಿಗೆ ತೋರಿಸಿ," ಅಂದರು.

"ಯಾಕ್ರಿ?"

"ಸುಮ್ಮನೆ. ಬಿಸಿಲು ಜಾಸ್ತಿ ಇದೆ."

"ಬಿಸಲು ಎಲ್ಲಾರಿಗೂ ಐತಲ್ರಿ ಫಾದರ್."

ಮುಂದಿನ ವಾರ ಬಿಪಿ ತೋರಿಸಿ ಅಂದರು. ಅದರ ಮುಂದಿನ ವಾರ ಕನ್ನಡಕದ ನಂಬರ್ ನೋಡಿಸಿ ಅಂದರು. ನಾಲ್ಕನೇ ವಾರ, ವಯಸ್ಸಾದವರೆಲ್ಲ ವರ್ಷಕ್ಕೊಮ್ಮೆ ಡಾಕ್ಟರ ಬಳಿ ಹೋಗುವುದು ಒಳ್ಳೆಯದು ಎಂದು ಇಡೀ ಚರ್ಚಿಗೆ ಪ್ರಕಟಣೆ ಓದಿ ನನ್ನ ಕಡೆ ನೋಡಿದರು. ಈ ಎಳೆಯನಿಗೆ ನನ್ನ ಹೆಂಡತಿಯ ಉಸಾಬರಿ ಯಾಕೆ ಎಂದು ನನಗೆ ರೇಗಿತು. ರೇಗಿದ ಸಿಟ್ಟಿಗೇ ಕರೆದುಕೊಂಡು ಹೋದೆ. ಡಾಕ್ಟರು ತಲೆಯ ಫೋಟೋ ತೆಗೆಸಿ, ಇದು ಮರೆವಿನ ರೋಗ, ಹೋಗುವಂಥದ್ದಲ್ಲ, ಹೆಚ್ಚಾಗುತ್ತಾ ಹೋಗುತ್ತದೆ ಅಂದರು.

ನೇರ ಫಾದರ್ ಬಳಿಗೆ ಹೋದೆ. "ನಿಮಗ ಮದಲ ಗೊತ್ತಿತ್ತೇನು?" ಎಂದು ಕೇಳಿದೆ.

"ನನಗೆ ಏನೂ ಗೊತ್ತಿರಲಿಲ್ಲ," ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣನ್ನೂ ಒರೆಸಿಕೊಂಡರು. ನಾನು ಅವರ ಪಕ್ಕ ಕೂತು ಅತ್ತೆ. ಪಾಪ, ಅಷ್ಟು ದೊಡ್ಡ ಸುಳ್ಳನ್ನು ಆ ವರ್ಷ ಅವರು ಯಾವ ಫಾದರ್ ಮುಂದೆ ಹೇಳಿಕೊಂಡರೋ ಏನೋ.

ಅಡುಗೆಮನೆಯ ಗಂಡಸು

ಪಕ್ಕದ ಮನೆಯ ಅಕ್ಕ ಎಂದೆನಲ್ಲ, ಅವರು ನಮ್ಮ ಜಾತಿ ಧರ್ಮದವರಲ್ಲ. ಸೋಮವಾರ ಉಪವಾಸ ಮಾಡುವವರು. ಆದರೂ ನನ್ನ ಹೆಂಡತಿಯ ಜೊತೆ ಚರ್ಚಿಗೆ ಬಂದು ಮಾತೆ ಮರಿಯಮ್ಮನ ಮುಂದೆ ಮೇಣದಬತ್ತಿ ಹಚ್ಚುವವರು. ಒಂದು ದಿನ ನನ್ನ ಹೆಂಡತಿ ಕಂಪೌಂಡಿನ ಬಳಿ ಹೋಗಿ ಅವರನ್ನು ಗುಟ್ಟಾಗಿ ಕರೆದಳು.

"ನಮ್ಮ ಅಡಗಿ ಮನ್ಯಾಗ ಒಬ್ಬಾಂವ ಗಂಡಸು ಬಂದಾನ."

"ಯಾರ್ರಿ ಟೀಚರ್?"

"ಗೊತ್ತಿಲ್ಲ. ಕಳ್ಳ ಅಲ್ಲ. ಕಳ್ಳ ಆಗಿದ್ರ ಕುಂತು ಬಳ್ಳೊಳ್ಳಿ ಸುಲೀತಿದ್ದಿಲ್ಲ."

ಬೆಳ್ಳುಳ್ಳಿ ಸುಲಿಯುತ್ತಿದ್ದವ ನಾನು. ಒಳಗಿಂದಲೇ ಕೇಳಿಸಿತು.

"ಮನಶಾ ಚಲೋ ಇದ್ದಂಗ ಕಾಣ್ತಾನ. ಆದ್ರ ನಾ ಲಗ್ನ ಆದಾಕಿ. ನಮ್ಮ ಮನಿಯವರು ಕಂಬ ಹತ್ತಾಕ ಹೋಗ್ಯಾರ. ಅವರು ಬರೂದ್ರೊಳಗ ಇವನ್ನ ಹೊರಗ ಹಾಕ್ರಿ. ಅವರಿಗೆ ಸಿಟ್ಟು ಬಾಳ."

ನಾನು ಹೊರಗೆ ಬಂದೆ. ಅಕ್ಕ ಒಳಗೆ ಹೋಗಿ ನಮ್ಮ ಮದುವೆಯ ಫೋಟೋ ತಂದು ತೋರಿಸಿದರು. "ನೋಡ್ರಿ, ಇವರೇ ಅವರು." ನನ್ನ ಹೆಂಡತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಇವರು ನಮ್ಮ ಮನಿಯವರು. ಎಷ್ಟು ಚಂದ ಅದಾರ ನೋಡ್ರಿ. ಈ ಮುದುಕಗ ಹೋಲಸ್ತೀರಲ್ಲ, ನಿಮ್ಮ ಕಣ್ಣಿಗೆ ಏನಾಗೇತಿ?" ಅಂದಳು.

ನಕ್ಕೆ. ನಗದೆ ಏನು ಮಾಡುವುದು? ಆದರೆ ಆ ದಿನ ಅವಳು ಒಳಗಿಂದ ಚಿಲಕ ಹಾಕಿಕೊಂಡಳು. ಮಧ್ಯಾಹ್ನವೆಲ್ಲ ನಾನು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತೆ. ಆಮೇಲೆ ಅದು ದಿನಾ ಆಯಿತು. ನನ್ನ ಕೈಯ ಊಟ ಬೇಡ, ಗುಳಿಗೆ ಬೇಡ. "ಪರಗಂಡಸರ ಕೈಲಿಂದ ಗುಳಿಗಿ ತಗೊಳ್ಳೂದಿಲ್ಲ," ಎಂದು ಬಾಯಿ ಬಿಗಿದುಕೊಳ್ಳುತ್ತಿದ್ದಳು. ಅಕ್ಕ ಎಷ್ಟು ದಿನ ತಮ್ಮ ಮನೆ ಬಿಟ್ಟು ಬಂದು ತಿನ್ನಿಸಲು ಸಾಧ್ಯ? ನನ್ನ ಹೆಂಡತಿ ಬಡವಾದಳು.

ಹಾವೇರಿಯಿಂದ ಅವಳ ಅಣ್ಣ ಬಂದ. ಕೆಟ್ಟವನಲ್ಲ, ತಂಗಿಯೆಂದರೆ ಜೀವ. "ಕಾನ್ವೆಂಟಿನ ಸಿಸ್ಟರ್ ಮಂದಿ ಇಂಥವರನ್ನ ನೋಡ್ಕೊಳ್ಳೂ ಮನಿ ಒಂದೈತಿ. ಅಲ್ಲಿ ಬಿಡೂಣು," ಅಂದ. "ನಾ ಇರೂ ತನಕ ಎಲ್ಲೂ ಬಿಡೂದಿಲ್ಲ," ಅಂದೆ. "ನೀವು ಇರಾಕ ಆಕಿ ಬಿಡವಲ್ಲಳಲ್ರಿ. ಹೊರಗ ಕಟ್ಟಿ ಮ್ಯಾಲೆ ಕುಂತು ಹೆಂಗ ನೋಡ್ಕೋತೀರಿ?" ಅಂದ. ಹದಿನೈದು ದಿನ ನೋಡೋಣ, ಆಗದಿದ್ದರೆ ಕಾರು ತರುತ್ತೇನೆ ಎಂದು ಹೇಳಿ ಹೋದ.

ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ನಿನ್ನ ಜೊತೆಗಿರುತ್ತೇನೆ ಎಂದು ಮದುವೆಯಲ್ಲಿ ದೇವರ ಮುಂದೆ ಮಾತು ಕೊಟ್ಟಿದ್ದೆ. ಆ ಮಾತನ್ನು ಉಳಿಸಿಕೊಳ್ಳಲು ನಾನು ತಯಾರಿದ್ದೆ. ಮಾತು ತೆಗೆದುಕೊಂಡವಳೇ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ದೇವರ ಮೇಲೆ ನನಗೆ ಸಿಟ್ಟು ಬಂತು. ಎಷ್ಟು ಬಂತೆಂದರೆ ಎರಡು ಭಾನುವಾರ ಚರ್ಚಿಗೆ ಹೋಗಲಿಲ್ಲ.

ವರನ ಅರ್ಜಿ

ದಾರಿ ತೋರಿಸಿದ್ದು ಪಕ್ಕದ ಮನೆಯ ಅಕ್ಕ. ಒಂದು ದಿನ ನನ್ನ ಹೆಂಡತಿಗೆ ಊಟ ಮಾಡಿಸುತ್ತಾ, "ಕಟ್ಟಿ ಮ್ಯಾಲೆ ಕುಂತಾರಲ್ಲ, ಅವರಿಗೆ ಯಾರೂ ಇಲ್ರಿ ಟೀಚರ್. ಮನ್ಯಾಗ ಇಟಗೋರಿ," ಅಂದರಂತೆ.

"ಇಟಗೋರಿ ಅಂದ್ರ ಹೆಂಗ? ಒಂದು ರೀತಿ ಅಂತ ಐತಿ. ಏನು ಬೇಕಾಗಿದ್ರೂ ಅರ್ಜಿ ತಗೊಂಡು ಬರ್ಲಿ. ಕೇಳೂದನ್ನ ಕೇಳಿ ಆಮ್ಯಾಲೆ ಹೇಳ್ತೇನಿ," ಅಂದಳಂತೆ ಇವಳು.

ಅಕ್ಕ ಓಡಿ ಬಂದು ನನಗೆ ಹೇಳಿದರು. ನಾನು ಫಾದರ್ ಬಳಿಗೆ ಓಡಿದೆ. "ನಮ್ಮಿಬ್ಬರ ಲಗ್ನ ಇನ್ನೊಮ್ಮೆ ಮಾಡ್ರಿ," ಅಂದೆ. ಫಾದರ್ ತಲೆ ಅಲ್ಲಾಡಿಸಿದರು. "ಆದ ಮದುವೆಯನ್ನು ಮತ್ತೆ ಮಾಡಲು ಬರುವುದಿಲ್ಲ. ಆದರೆ ಅರ್ಜಿ ಕೊಡಬೇಡ ಎಂದು ಎಲ್ಲೂ ಬರೆದಿಲ್ಲ," ಎಂದು ಡ್ರಾಯರಿನಿಂದ ಒಂದು ಹಾಳೆ ತೆಗೆದುಕೊಟ್ಟರು.

ಹದಿನೈದನೇ ದಿನ ಬೆಳಿಗ್ಗೆ ಗಡ್ಡ ಹೆರೆಸಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೆ. ಅಕ್ಕ ತಮ್ಮ ಮನೆಯಿಂದ ಅತ್ತರು ತಂದು ಕಾಲರಿಗೆ ಹಚ್ಚಿದರು. ಫಾದರ್ ಮತ್ತು ಅಕ್ಕ ಸಾಕ್ಷಿಗಳು. ಅಷ್ಟರಲ್ಲಿ ಅವಳ ಅಣ್ಣ ಬಾಡಿಗೆ ಕಾರು ತಂದು ಮನೆಯ ಮುಂದೆ ನಿಲ್ಲಿಸಿದ. ನಮ್ಮ ವೇಷ ನೋಡಿ ಏನೂ ತಿಳಿಯದೆ ಬಾಗಿಲ ಬಳಿಯೇ ನಿಂತ.

ಅರ್ಜಿ ಎಂದ ಕೂಡಲೇ ನನ್ನ ಹೆಂಡತಿ ಚಿಲಕ ತೆಗೆದಳು. ಮೇಜಿನ ಆ ಕಡೆ ಕೂತು, ಕನ್ನಡಕ ಹಾಕಿಕೊಂಡು, ಪೆನ್ನಿನ ಟೋಪಿ ತೆಗೆದಳು. ಆ ಗತ್ತು ಎಲ್ಲಿಗೂ ಹೋಗಿರಲಿಲ್ಲ.

"ಕುಂದ್ರಿ. ಇದರ ಮ್ಯಾಲೆ ಕೈ ಇಡ್ರಿ. ಖರೇ ಹೇಳಬೇಕು," ಎಂದು ಬೈಬಲ್ ಮುಂದೆ ಸರಿಸಿದಳು.

ಕೈ ಇಟ್ಟೆ. ಹೆಸರು ಕೇಳಿದಳು, ಹೇಳಿದೆ. ಹುಟ್ಟಿದ ಊರು ಕೇಳಿದಳು, ಹೇಳಿದೆ. ದೀಕ್ಷಾಸ್ನಾನ ಎಲ್ಲಾಯಿತು ಎಂದಳು, ಅದನ್ನೂ ಹೇಳಿದೆ. ಒಂದೊಂದನ್ನೇ ನಿಧಾನವಾಗಿ ಬರೆದುಕೊಂಡಳು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

"ಈ ಮದಲ ಲಗ್ನ ಆಗೇತೇನು?"

ಫಾದರ್ ಅಕ್ಕನ ಮುಖ ನೋಡಿದರು, ಅಕ್ಕ ಫಾದರ್ ಮುಖ ನೋಡಿದರು. ಈ ಪ್ರಶ್ನೆ ಬರುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಲ್ಲ ಎಂದರೆ ಸುಲಭವಿತ್ತು. ಕೈ ಬೈಬಲ್ ಮೇಲಿತ್ತು. ಕೈ ಇರದಿದ್ದರೂ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

"ಆಗೇತ್ರಿ," ಅಂದೆ.

"ಹೆಂಡ್ತಿ ಅದಾಳೇನು?"

"ಅದಾಳ್ರಿ."

ಪೆನ್ನು ಕೆಳಗಿಟ್ಟಳು. "ಹೆಂಡ್ತಿ ಇದ್ದು ವರನ ಅರ್ಜಿ ತಗೊಂಡು ಬಂದೀರಿ? ಈ ವಯಸ್ಸಿನ್ಯಾಗ? ಅತ್ತರ ಬ್ಯಾರೆ ಹಚಗೊಂಡೀರಿ. ನಾಚಿಕಿ ಬರೂದಿಲ್ಲೇನು? ಫಾದರ್, ನೀವರ ವಿಚಾರ ಮಾಡೂದಿಲ್ಲೇನು?"

ಫಾದರ್ ತಲೆ ತಗ್ಗಿಸಿದರು. ಬಾಗಿಲಲ್ಲಿದ್ದ ಅಣ್ಣ ಕಾರಿನ ಕಡೆ ತಿರುಗಿದ. ಮುಗಿಯಿತು ಎಂದುಕೊಂಡೆ. ಅವಳು ಹಾಳೆಯ ಮೇಲೆ ಅಡ್ಡ ಗೆರೆ ಎಳೆದು, ಏನೋ ನೆನಪಾದವಳಂತೆ ಕೇಳಿದಳು.

"ಆಕಿನ್ನ ಯಾಕ ಬಿಟ್ರಿ?"

"ನಾ ಬಿಟ್ಟಿಲ್ರಿ ಟೀಚರ್. ಆಕೀನ ಎಲ್ಲೋ ಹೋಗ್ಯಾಳ."

"ಎಲ್ಲಿ?"

"ಗೊತ್ತಿಲ್ರಿ. ದಾರಿ ತಪ್ಪೇತಿ ಆಕಿಗೆ. ದಿನಾ ಹುಡಕ್ತೇನಿ." ಇಸ್ತ್ರಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡೆ. "ಸಿಗವಲ್ಲಳ್ರಿ."

ಅವಳು ಕನ್ನಡಕ ತೆಗೆದಳು. ನನ್ನನ್ನೇ ನೋಡಿದಳು. ಅ ಆ ತಪ್ಪು ಬರೆದು ಅಳುತ್ತಾ ನಿಂತ ಮಕ್ಕಳನ್ನು ಹಾಗೆ ನೋಡುತ್ತಿದ್ದಳು.

"ಅಳಬ್ಯಾಡ್ರಿ. ಚಲೋ ಹೆಣ್ಣುಮಗಳು ಇದ್ರ ಬಂದ ಬರ್ತಾಳ. ಆಕಿ ಬರೂ ತನಕ ಇಲ್ಲೇ ಇರ್ರಿ. ಹೊರಗಿನ ಕೋಣ್ಯಾಗ ಮಲಕೋರಿ. ಹಂಗ ಸುಮ್ಮನ ಇರಾಕ ಬರೂದಿಲ್ಲ ಮತ್ತ, ಅಡಗಿ ಮಾಡಬೇಕು. ನನ್ನ ಗುಳಿಗಿ ಹೊತ್ತಿಗೆ ಸರಿಯಾಗಿ ಕೊಡಬೇಕು."

ಅಣ್ಣ ಹೊರಗೆ ಹೋಗಿ ಕಾರನ್ನು ವಾಪಸು ಕಳಿಸಿದ ಸದ್ದು ಕೇಳಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಏಳುತ್ತಿದ್ದೆ, ಅವಳು ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಫಾದರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ನನ್ನ ಕಿವಿಯ ಬಳಿ ಹೇಳಿದಳು.

"ಒಂದು ಮಾತು. ನಿಮ್ಮ ಹೆಂಡ್ತಿ ಬಂದ ಮ್ಯಾಲೆ, ಇಷ್ಟು ದಿನ ನನ್ನ ಮನ್ಯಾಗ ಇದ್ರಿ ಅಂತ ಆಕಿ ಮುಂದ ಹೇಳಬ್ಯಾಡ್ರಿ. ಹೆಂಗಸರ ಮನಸು ನಿಮಗ ತಿಳಿಯೂದಿಲ್ಲ, ಸಂಶಯ ತಗೋತಾಳ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇವತ್ತಿನ ತನಕ ಹೇಳಿಲ್ಲ.